ಮೊದಲ ದರ್ಜೆಯ ಹೆಸರು

ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದ ಕಾಲದಲ್ಲಿ ಅವನ ಅಂಗಡಿಯ ದರ್ಜೆ ಎರಡರಿಂದ ನಾಲ್ಕಕ್ಕೆ ಇಳಿಯಿತು. ಇಳಿಸಿದವರು ಯಾರೂ ಅವನ ಮುಖ ನೋಡಿದವರಲ್ಲ, ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಫ್ಯಾನು, ಸ್ವಿಚ್ಚು, ತಂತಿ ಮಾರುವ ಸಣ್ಣ ಅಂಗಡಿ, ಅಪ್ಪನ ಕಾಲದ್ದು. ಆಗ ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಮೊದಲು ಔಷಧಿ ಅಂಗಡಿಗೆ ಹೋಗುತ್ತಿತ್ತು, ಸರಕು ಕೊಟ್ಟವರಿಗೆ ಆಮೇಲೆ. ತಡವಾಯಿತು, ಅಷ್ಟೇ. ಯಾರ ಬಿಡಿಗಾಸನ್ನೂ ಅವನು ಮುಳುಗಿಸಿರಲಿಲ್ಲ. ಆದರೆ ವ್ಯಾಪಾರಿಗಳನ್ನು ನಂಬಿ ಸಾಲ ಕೊಡಬಹುದೇ ಎಂದು ಅಳೆದು ಹೇಳುವ ರೇಟಿಂಗ್ ಆಫೀಸಿಗೆ ಹೆಂಡತಿಯ ಕಾಯಿಲೆ ಕಟ್ಟಿಕೊಂಡು ಏನಾಗಬೇಕು? ಹೇಳಿದ ದಿನ ಕೊಟ್ಟನೋ ಇಲ್ಲವೋ, ಅದೊಂದೇ ಅದರ ಪ್ರಶ್ನೆ.

ಒಂದನೇ ದರ್ಜೆ ಎಂದರೆ ಕಣ್ಣು ಮುಚ್ಚಿಕೊಂಡು ಸಾಲ ಕೊಡಬಹುದು. ಐದು ಎಂದರೆ ಹೊಸ್ತಿಲೊಳಗೇ ಬಿಡಬೇಡಿ. ನಾಲ್ಕು ಎಂದರೆ ನಗದು ತೋರಿಸಿದರೆ ಮಾತ್ರ ಸರಕು. ಮೊದಲು ಕೈಯೆತ್ತಿದವರು ತಂತಿ ಕಾರ್ಖಾನೆಯ ಯಜಮಾನರು. ಫೋನಿನಲ್ಲಿ ಅವನು ಹೆಂಡತಿಯ ವಿಷಯ ಹೇಳಿಕೊಂಡು ಗೋಗರೆದಾಗ ಅವರು ಕೊಟ್ಟ ಉತ್ತರ ಒಂದೇ ಸಾಲಿನದು: "ಸರಕು ಬೇಕಾದ್ರೆ ದುಡ್ಡು ಕೈಲಿ ಹಿಡ್ಕೊಂಡು ಬನ್ನಿ." ಉಳಿದವರು ಕುರಿಗಳ ಹಾಗೆ ಅವರ ಹಿಂದೆಯೇ ಹೋದರು. ಹೆಂಡತಿ ಎದ್ದು ಓಡಾಡುವ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿತ್ತು. ಅವಳು ಬದುಕಿದಳು, ಎಡಗೈ ಮಾತ್ರ ಭುಜದ ಮೇಲಕ್ಕೆ ಏಳಲಿಲ್ಲ.

ಹೊಟ್ಟೆಪಾಡು ಅವನನ್ನು ಕೊಂಡೊಯ್ದು ನಿಲ್ಲಿಸಿದ್ದು ಅದೇ ರೇಟಿಂಗ್ ಆಫೀಸಿನ ಒಂದು ಶಾಖೆಯಲ್ಲಿ. ಕೆಲಸ ಸುಲಭದ್ದು. ಒಂದು ಅಂಗಡಿಗೆ ಸರಕು ಕೊಡುವವರಿಗೆಲ್ಲ ಫೋನು ಮಾಡಿ, "ಇವರು ಹೇಳಿದ ದಿನಕ್ಕೆ ಹಣ ಕೊಡ್ತಾರಾ ಸಾರ್?" ಎಂದು ವಿಚಾರಿಸಿ, ಸಿಕ್ಕಿದ ಉತ್ತರವನ್ನು ಕಂಪ್ಯೂಟರಿಗೆ ತುಂಬುವುದು. ಕೆಲಸ ಮಾಡುತ್ತ ಮಾಡುತ್ತ ದರ್ಜೆಯ ಹೊಟ್ಟೆಯೊಳಗೆ ಏನೇನಿದೆ ಎನ್ನುವುದು ಅವನಿಗೆ ತಿಳಿಯುತ್ತ ಹೋಯಿತು. ಕಂಪನಿ ಎಷ್ಟು ಹಳೆಯದೋ ಅಷ್ಟು ಮರ್ಯಾದೆ. ಯಜಮಾನನ ಹೆಸರಿನಲ್ಲಿ ಹಿಂದೆ ಮುಚ್ಚಿದ ಅಂಗಡಿ ಇರಬಾರದು, ಕೋರ್ಟು ಕೇಸು ಇರಬಾರದು. ವರ್ಷದ ಲೆಕ್ಕಪತ್ರ ಗಡುವಿಗೆ ಮೊದಲೇ ಸಲ್ಲಿಕೆಯಾಗಬೇಕು. ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡಿರಬಾರದು, ಅವನು ಬಿದ್ದರೆ ಇವನೂ ಬೀಳುತ್ತಾನೆ. ಸಿಕ್ಕಿದ ಸಾಲವನ್ನೆಲ್ಲ ಬಳಿದು ತಿನ್ನಬಾರದು, ಅರ್ಧಕ್ಕೆ ಕೈ ತೊಳೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೊಡುವುದನ್ನು ಹೇಳಿದ ದಿನಕ್ಕೆ ಕೊಡಬೇಕು. ಒಂದು ದಿನ ಮೊದಲೇ ಕೊಟ್ಟರೆ ಇನ್ನೂ ಚೆನ್ನ.

ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕುಳಿತಿದ್ದ ಒಂದು ಮಧ್ಯಾಹ್ನ ಅವನಿಗೆ ಹೊಳೆಯಿತು. ಇದೆಲ್ಲ ನಿನ್ನೆಯ ಲೆಕ್ಕ. ನಾಳೆ ವ್ಯಾಪಾರಿ ಏನು ಮಾಡುತ್ತಾನೆ ಎಂದು ಯಾರೂ ಅಳೆಯುವುದಿಲ್ಲ. ನಿನ್ನೆಗಳನ್ನು ಒಂದೊಂದಾಗಿ ಚೊಕ್ಕಟವಾಗಿ ಜೋಡಿಸುತ್ತ ಹೋದರೆ, ನಾಳೆ ಒಂದು ದಿನ ಏನು ಬೇಕಾದರೂ ಮಾಡಬಹುದು. ಯೋಚನೆ ಬಂದದ್ದೇ, ಅಕ್ಕಪಕ್ಕದವರು ತನ್ನ ತಲೆಯೊಳಗಿನದನ್ನು ಕೇಳಿಸಿಕೊಂಡರೇನೋ ಎಂದು ತಿರುಗಿ ನೋಡಿದ. ಅವನು ಸ್ವಭಾವದಿಂದ ಪುಕ್ಕಲ. ಬಸ್ಸಿನಲ್ಲಿ ಟಿಕೆಟ್ಟು ತೆಗೆದುಕೊಂಡ ಮೇಲೂ ಇಳಿಯುವ ತನಕ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂರುವ ಜಾತಿ. ಆದರೆ ಪುಕ್ಕಲರು ಮಾಡುವ ಯೋಜನೆ ಗಟ್ಟಿ ಇರುತ್ತದೆ. ಎಲ್ಲಿ ಸಿಕ್ಕಿಬೀಳಬಹುದು ಎಂದು ಅವರು ನೂರು ಸಲ ಯೋಚಿಸಿರುತ್ತಾರೆ.

ಕೆಲಸ ಬಿಟ್ಟು ಬೇರೆ ಊರಿಗೆ ಬಂದ. ಪಂಪುಗಳ ರಿಪೇರಿ ಮಾಡಿ ವಯಸ್ಸಾಗಿ ಸುಮ್ಮನಾಗಿದ್ದ ಒಬ್ಬ ಮುದುಕನ ಕಂಪನಿಯನ್ನು, ಹೆಸರು ಸಮೇತ ಕೊಂಡುಕೊಂಡ. ಒಂದೂ ಕಪ್ಪು ಕಲೆಯಿಲ್ಲದ, ಇಪ್ಪತ್ತು ವರ್ಷ ಹಳೆಯ ಕಂಪನಿ. ಹೀಗೆ ವಯಸ್ಸು ಸಿಕ್ಕಿತು. ಇನ್ನು ಯಜಮಾನ ಬೇಕು. ಅವನ ಹೆಸರಿಗಂತೂ ಮುಚ್ಚಿದ ಅಂಗಡಿ ಅಂಟಿಕೊಂಡಿದೆ. ಹೆಂಡತಿಯ ತಮ್ಮ ಒಬ್ಬನಿದ್ದ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು, ಹುಟ್ಟಿದಾಗಿನಿಂದ ಯಾರ ಹತ್ತಿರವೂ ಸಾಲ ಮಾಡದವನು.

"ನಾನು ಯಜಮಾನನಾ? ಭಾವ, ನನಗೆ ಕೂಡೋದು ಕಳೆಯೋದೇ ನೆಟ್ಟಗೆ ಬರಲ್ಲ," ಎಂದು ಅವನು ನಕ್ಕ.

"ಯಜಮಾನ ಆಗೋಕೆ ಅದೆಲ್ಲ ಬೇಡ ಕಣೋ. ಸೈನ್ ಹಾಕೋಕೆ ಬಂದ್ರೆ ಸಾಕು. ಲೆಕ್ಕ ನೋಡ್ಕೊಳ್ಳೋಕೆ ನಾನಿಲ್ವಾ, ನಿನ್ನ ಮ್ಯಾನೇಜರು?"

"ಹಾಗಾದ್ರೆ ನಿಮಗೆ ಸಂಬಳ ನಾನು ಕೊಡೋದಾ?" ಎಂದು ಭಾವಮೈದುನ ಇನ್ನೂ ಜೋರಾಗಿ ನಕ್ಕ. ಅಕ್ಕನೂ ನಕ್ಕಳು. ಅವನೂ ನಗಬೇಕಾಯಿತು. ಯೋಜನೆಯಲ್ಲಿ ಅವನು ಮುಟ್ಟಿ ನೋಡಲು ಹೆದರುತ್ತಿದ್ದ ಜಾಗ ಇದೊಂದೇ. ಸರಕೆಲ್ಲ ಮಾಯವಾದ ಮೇಲೆ ಪೊಲೀಸರ ಮುಂದೆ ನಿಲ್ಲುವ ಹೆಸರು ಈ ಹುಡುಗನದು. ಏನೂ ಗೊತ್ತಿಲ್ಲದವನಿಗೆ ಏನೂ ಆಗುವುದಿಲ್ಲ, ಎರಡು ದಿನ ಕೂರಿಸಿ ಕಳಿಸುತ್ತಾರೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕೆಳಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ. ಹಳೆಯ ತಂತಿ ಕಾರ್ಖಾನೆಯೂ ಸೇರಿ ಒಂಬತ್ತು ಕಂಪನಿಗಳಿಂದ ಸಣ್ಣ ಸಣ್ಣ ಸಾಲಕ್ಕೆ ಸರಕು ತರಿಸಿದ. ಒಬ್ಬರಿಗೂ ಒಂದು ದಿನ ತಪ್ಪಿಸಲಿಲ್ಲ. ಜ್ವರ ಬಂದಾಗ ಹೊದ್ದುಕೊಂಡೇ ಬ್ಯಾಂಕಿಗೆ ಹೋದ. ಬ್ಯಾಂಕಿಗೆ ರಜೆ ಇದ್ದರೆ ಹಿಂದಿನ ದಿನವೇ ಕಟ್ಟಿದ. ಒಬ್ಬನೇ ಗಿರಾಕಿ ಹೆಚ್ಚು ಕೊಳ್ಳತೊಡಗಿದರೆ ಬೇಕೆಂದೇ ಇನ್ನೆರಡು ಹೊಸಬರನ್ನು ಹುಡುಕಿದ. ಪೇಟೆಯವರು ಅವನಿಗೆ 'ಗಡಿಯಾರ' ಎಂದು ಹೆಸರಿಟ್ಟರು. "ಗಡಿಯಾರದ ಚೆಕ್ಕು ಬಂತಾ? ಹಾಗಾದ್ರೆ ಇವತ್ತು ಹತ್ತನೇ ತಾರೀಖು," ಎಂದು ಸ್ವಿಚ್ಚು ಕಂಪನಿಯ ಗುಮಾಸ್ತ ತಮಾಷೆ ಮಾಡುತ್ತಿದ್ದನಂತೆ. ಆ ಪೇಟೆಯಲ್ಲಿ ಅವನಷ್ಟು ಪ್ರಾಮಾಣಿಕ ವ್ಯಾಪಾರಿ ಇನ್ನೊಬ್ಬನಿರಲಿಲ್ಲ. ಆ ಪೇಟೆಯಲ್ಲಿ ಅವನಷ್ಟು ಹೆದರಿಕೊಂಡು ಬದುಕುವವನೂ ಇನ್ನೊಬ್ಬನಿರಲಿಲ್ಲ. ಫೋನು ಬಡಿದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಬೀದಿಯಲ್ಲಿ ಯಾರಾದರೂ ಕೈಯೆತ್ತಿ ನಮಸ್ಕಾರ ಮಾಡಿದರೆ, ಇವನಿಗೆ ನನ್ನ ಹಳೆಯ ಕತೆ ಗೊತ್ತೇ ಎಂದು ಹುಡುಕುತ್ತಿದ್ದ.

ಮೂರನೆಯ ವರ್ಷ ರೇಟಿಂಗ್ ಆಫೀಸಿನಿಂದ ತಪಾಸಣೆಗೆ ಒಬ್ಬಳು ಬಂದಳು. ಚಿಕ್ಕ ವಯಸ್ಸು, ಹೆಗಲಿಗೊಂದು ಚೀಲ, ಮೆತ್ತಗಿನ ದನಿ. ಗೋದಾಮಿಗೆ ಹೋಗಿ ಫ್ಯಾನಿನ ಡಬ್ಬಗಳನ್ನು ಬೆರಳಿನಿಂದ ತಟ್ಟಿ ನೋಡಿದಳು, ಖಾಲಿ ಡಬ್ಬ ಜೋಡಿಸಿದ್ದಾರೆಯೇ ಎಂದು. ಎಲ್ಲ ತುಂಬಿದ ಡಬ್ಬಗಳೇ. ಅಷ್ಟಾದರೂ ಅವಳು ತಟ್ಟಿದ್ದನ್ನೆಲ್ಲ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ.

"ಲೆಕ್ಕಪತ್ರ ಎಲ್ಲಾ ನೀವೇ ನೋಡ್ಕೊಳ್ಳೋದಾ ಸಾರ್?"

"ಹೌದು ಮೇಡಂ. ನಾನು ಮ್ಯಾನೇಜರು. ಯಜಮಾನ್ರು ಇವರು."

ಅವಳು ಭಾವಮೈದುನನ ಕಡೆ ತಿರುಗಿದಳು. "ಎಲ್ಲಾ ಒಬ್ಬರ ಕೈಲೇ ಇದ್ರೆ ನಮ್ಮ ಆಫೀಸಲ್ಲಿ ಸ್ವಲ್ಪ ಯೋಚನೆ ಮಾಡ್ತಾರೆ. ಇವರು ನಾಳೆ ಬಿಟ್ಟು ಹೋದ್ರೆ ನೀವೇನು ಮಾಡ್ತೀರಿ?"

"ಭಾವ ಎಲ್ಲಿಗೆ ಹೋಗ್ತಾರೆ ಮೇಡಂ?" ಎಂದ ಭಾವಮೈದುನ, ಆ ಪ್ರಶ್ನೆಯೇ ಅರ್ಥವಾಗದವನಂತೆ. "ನಮ್ಮಕ್ಕ ಇಲ್ಲೇ ಇದಾಳಲ್ಲ."

ಅವಳು ನಕ್ಕು ಬರೆದುಕೊಂಡಳು. ಅವನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಅವಳು ಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಬೆವರಿನ ಐದು ಬೆರಳುಗಳ ಗುರುತು. ಕರವಸ್ತ್ರದಿಂದ ಒರೆಸಿದ.

ಆ ಸಲ ಬಂದದ್ದು ಒಂದನೇ ದರ್ಜೆ. ಅಪ್ಪ ಜೀವಮಾನವಿಡೀ ದುಡಿದರೂ ಮುಟ್ಟದಿದ್ದ ದರ್ಜೆ. ಭಾವಮೈದುನ ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ವ್ಯಾಪಾರವೂ ಕೈಹಿಡಿದಿತ್ತು. ಮೋಸಕ್ಕೆಂದು ಕಟ್ಟಿದ ಅಂಗಡಿ ತನ್ನ ಪಾಡಿಗೆ ತಾನು ನ್ಯಾಯವಾಗಿ ದುಡಿಯತೊಡಗಿ, ಮನೆಗೆ ಹೊಸ ಪರದೆ ಬಂತು, ಹೆಂಡತಿಯ ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರು ಬಂದರು. ಒಂದು ಬೆಳಿಗ್ಗೆ ಅವಳು ಎಡಗೈಯನ್ನು ಕಿವಿಯ ತನಕ ಎತ್ತಿ, "ನೋಡ್ರೀ!" ಎಂದು ಕೂಗಿದಳು. ಸಾಕು, ಇದಿಷ್ಟೇ ಸಾಕು ಎಂದು ಅವನಿಗೆ ಅನ್ನಿಸಿತು. ಮಾಡದೆಯೇ ಇದ್ದುಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಮಾಡದ ಅಪರಾಧಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಆ ರಾತ್ರಿ ಅವನಿಗೆ ನಿದ್ದೆ ಬಂತು.

ತಂತಿ ಯಜಮಾನರು ಬಂದದ್ದು ಅದರ ಮುಂದಿನ ವಾರ. ಗಡಿಯಾರ ಎಂದು ಹೆಸರಾದ ಗಿರಾಕಿಯನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದರು. ದಪ್ಪ ಕನ್ನಡಕ, ತುಂಬು ನಗೆ, ಊರುಗೋಲು. ಹಿಂದೆ ಅವರು ಅವನನ್ನು ನೋಡಿದವರಲ್ಲ. ಫೋನಿನಲ್ಲಿ ಒಂದು ಸಲ ಅಳುವ ದನಿ ಕೇಳಿದವರು, ಅಷ್ಟೇ. ಅವನು ಆದಷ್ಟು ಕಡಿಮೆ ಮಾತಾಡಿದ. ಹೆಂಡತಿ ಮಹಡಿಯಿಂದ ಟೀ ತಂದಳು.

"ನಿಮ್ಮಂಥೋರು ನಾಲ್ಕು ಜನ ಇದ್ರೆ ಸಾಕು ಸ್ವಾಮಿ, ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ," ಎಂದರು ಯಜಮಾನರು. "ಎಂಥೆಂಥವರನ್ನ ನೋಡಿದೀನಿ ಗೊತ್ತಾ? ಹಿಂದೆ ಒಬ್ಬ ಇದ್ದ. ದುಡ್ಡು ಕೇಳಿದ್ರೆ ಹೆಂಡ್ತಿಗೆ ಹುಷಾರಿಲ್ಲ ಅಂತ ಫೋನಲ್ಲೇ ಗೊಳೋ ಅಂತಿದ್ದ. ಈ ಸಾಲಗಾರರ ಹೆಂಡ್ತಿಯರಿಗೆಲ್ಲ ಕಂತಿನ ದಿನವೇ ಜ್ವರ ಬರುತ್ತೆ ನೋಡಿ!"

ಭಾವಮೈದುನ ಏನೂ ಹೊಳೆಯದೆ ಜೊತೆಗೆ ನಕ್ಕ. ಹೆಂಡತಿ ಲೋಟವನ್ನು ಯಜಮಾನರ ಮುಂದಿಟ್ಟು, ಏನೂ ಕೇಳಿಸದವಳಂತೆ ಮೆಟ್ಟಿಲು ಹತ್ತಿದಳು.

ಅವನು ಮೇಲೆ ಹೋದಾಗ ಅವಳು ಕಿಟಕಿಯ ಹತ್ತಿರ ಕೂತು ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದಳು.

"ಬಿಡಿ ರೀ," ಎಂದಳು. "ವಯಸ್ಸಾದೋರು. ಯಾರ ಮುಂದೆ ಹೇಳ್ತಿದೀನಿ ಅಂತ ಅವರಿಗೇನು ಗೊತ್ತು?"

"ಗೊತ್ತಾಗಬೇಕು," ಎಂದ ಅವನು. ದನಿ ತನ್ನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

ಅಲ್ಲಿಂದ ಮುಂದೆ ಅವನು ಹಿಂದೆ ನೋಡಲಿಲ್ಲ. ಯೋಜನೆಯ ಕೊನೆಯ ಭಾಗ ಹೀಗಿತ್ತು. ಒಂಬತ್ತೂ ಕಂಪನಿಗಳಿಗೆ ಒಂದೇ ವಾರದಲ್ಲಿ ಆರ್ಡರು ಹೋಗಬೇಕು, ಎಂದಿನ ಹತ್ತರಷ್ಟು. ಒಂದಾದ ಮೇಲೊಂದು ಕಳಿಸಿದರೆ ಕೊನೆಯವರ ಸರಕು ಬರುವಷ್ಟರಲ್ಲಿ ಮೊದಲನೆಯವರ ಗಡುವು ಬಂದಿರುತ್ತದೆ. ಆ ಒಂದು ಗಡುವು ತಪ್ಪಿದರೆ ದರ್ಜೆ ಕೆಡುತ್ತದೆ, ಉಳಿದವರು ಎಚ್ಚರಾಗುತ್ತಾರೆ. ಅದಕ್ಕೇ ಎಲ್ಲವೂ ಒಟ್ಟಿಗೆ. ದೊಡ್ಡ ಆರ್ಡರು ನೋಡಿದ ಕೂಡಲೇ ಅವರು ಹುಬ್ಬೇರಿಸುತ್ತಾರೆ, ರೇಟಿಂಗ್ ಆಫೀಸಿನಿಂದ ಇವನ ರಿಪೋರ್ಟು ತರಿಸಿ ನೋಡುತ್ತಾರೆ. ನೋಡಲಿ. ನೋಡಲೆಂದೇ ಮೂರು ವರ್ಷ ಬೆವರು ಸುರಿಸಿ ಅದನ್ನು ಹೊಳಪು ಬರುವ ಹಾಗೆ ತಿಕ್ಕಿದ್ದು. ಮೊದಲ ದರ್ಜೆ ಕಂಡು ಕಣ್ಣು ಮುಚ್ಚಿ ಸರಕು ಕಳಿಸುತ್ತಾರೆ. ಗಡಿಯಾಚೆಯ ಒಬ್ಬ ಕಂಟ್ರಾಕ್ಟರು ಅರ್ಧ ಬೆಲೆಗೆ ಎಲ್ಲವನ್ನೂ ನಗದು ಕೊಟ್ಟು ಎತ್ತಿಕೊಂಡು ಹೋಗಲು ಒಪ್ಪಿದ್ದ. ಕತ್ತಲೆಯಲ್ಲಿ ಸಾಗಿಸಿದರೆ ಅನುಮಾನ. ನಡುಮಧ್ಯಾಹ್ನ, ಎಲ್ಲರೆದುರಿಗೆ, ದೊಡ್ಡ ಕಟ್ಟಡದ ಕೆಲಸ ಸಿಕ್ಕಿದೆ ಎಂದು ಹೇಳಿ ಲಾರಿಗೆ ತುಂಬಬೇಕು. ಸಂಜೆಯ ಬಸ್ಸಿಗೆ ಅವನೂ ಹೆಂಡತಿಯೂ ಹೊರಡುವುದು, ಅವಳ ದೊಡ್ಡಕ್ಕನ ಮನೆಗೆ ಎಂಬ ನೆಪದಲ್ಲಿ. ಅವಳಿಗೆ ನಿಜ ಹೇಳುವುದು ಬಹಳ ದೂರ ಹೋದ ಮೇಲೆ.

ಆರ್ಡರುಗಳಿಗೆ ಭಾವಮೈದುನ ಒಂದೊಂದಾಗಿ ಸೈನ್ ಹಾಕಿದ. "ಇಷ್ಟೊಂದಾ ಭಾವ?"

"ದೊಡ್ಡ ಕೆಲಸ ಕಣೋ. ನಿನ್ನ ಹೆಸರಿಗೆ ಬಂದಿರೋದು."

"ನನ್ನ ಹೆಸರಿಗೆ!" ಎಂದು ಅವನು ಸೈನಿನ ಕೆಳಗೆ ಇನ್ನೊಂದು ಗೆರೆ ಎಳೆದ.

ಆ ವಾರ ಎಲ್ಲ ಕಡೆಯಿಂದ ಸರಿ ಎಂದೇ ಉತ್ತರ ಬಂತು. ಸರಿ ಎಂದಷ್ಟೂ ಹೆದರಿಕೆ ಹೆಚ್ಚಾಯಿತು. ಫ್ಯಾನು ಬಂತು, ಸ್ವಿಚ್ಚು ಬಂತು, ಮೋಟಾರುಗಳು ಬಂದವು. ಗೋದಾಮು ತುಂಬಿ ಅಂಗಳಕ್ಕೆ ಚೆಲ್ಲಿತು. ತಂತಿ ಮಾತ್ರ ಕೊನೆಗೆ ಉಳಿದಿತ್ತು. ಅವನು ತಡೆಯಲಾರದೆ ಫೋನು ಮಾಡಿದ. "ನಿಮ್ಮ ಸರಕು ನಾನೇ ಹಿಂದೆ ನಿಂತು ಕಳಿಸ್ತೀನಿ, ಯೋಚನೆ ಮಾಡ್ಬೇಡಿ," ಎಂದರು ತಂತಿ ಯಜಮಾನರು. ನಗುತ್ತಲೇ ಹೇಳಿದರು. ಆ ನಗು ಅವನ ಕಿವಿಯಲ್ಲಿ ಸಂಜೆಯ ತನಕ ಉಳಿಯಿತು. ಎಲ್ಲವನ್ನೂ ಇನ್ನೊಂದು ಸಲ ಮೊದಲಿನಿಂದ ಪರೀಕ್ಷಿಸಿದ. ವಯಸ್ಸು, ಹೆಸರು, ಕೋರ್ಟು, ಲೆಕ್ಕಪತ್ರ, ಗಿರಾಕಿಗಳು, ಗಡುವು. ಎಲ್ಲಿಯೂ ಒಂದು ಬಿರುಕಿಲ್ಲ.

ಮಾರನೆಯ ಮಧ್ಯಾಹ್ನ ಕಂಟ್ರಾಕ್ಟರಿನ ಲಾರಿ ಬಂತು. ಕೂಲಿಯವರು ಡಬ್ಬಗಳನ್ನು ಹೊತ್ತರು. ಭಾವಮೈದುನ ಅಂಗಿಯ ತೋಳು ಮಡಿಸಿ ತಾನೂ ಹೊರುತ್ತಿದ್ದ, ಬೇಡವೆಂದರೂ ಕೇಳದೆ. ಕಂಟ್ರಾಕ್ಟರು ನೋಟಿನ ಚೀಲವನ್ನು ಭಾವನ ಕೈಗಿತ್ತು ಲಾರಿ ಹತ್ತಿದ. ಲಾರಿ ಗೇಟಿನ ಹತ್ತಿರ ಹೋಗುತ್ತಿದ್ದಂತೆ ಎದುರಿನಿಂದ ತಂತಿ ಕಾರ್ಖಾನೆಯ ವ್ಯಾನು ಬಂದು ಗೇಟಿಗೆ ಅಡ್ಡ ನಿಂತಿತು. ತಂತಿ ಬಂತು ಎಂದುಕೊಂಡ. ಹಿಂದಿನ ಬಾಗಿಲು ತೆರೆಯಿತು. ತಂತಿ ಇರಲಿಲ್ಲ, ಇಬ್ಬರು ಪೊಲೀಸರಿದ್ದರು. ಅವರ ಹಿಂದೆ ಸ್ವಿಚ್ಚಿನವರು, ಮೋಟಾರಿನವರು, ಫ್ಯಾನಿನವರು. ಊರುಗೋಲು ಊರಿಕೊಂಡು ಯಜಮಾನರು, ಅವರ ಪಕ್ಕದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಆ ರೇಟಿಂಗ್ ಆಫೀಸಿನ ಹುಡುಗಿ.

"ಈ ಅಂಗಡಿ ಯಜಮಾನ ಯಾರು?" ಎಂದ ಪೊಲೀಸಿನವನು.

ಭಾವಮೈದುನ ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮುಂದೆ ಬಂದ. "ನಾನೇ ಸಾರ್," ಎಂದ, ಖುಷಿಯಿಂದ. ಪೊಲೀಸಿನವನು ಅವನ ಮೊಣಕೈ ಹಿಡಿದ. ಹಿಡಿತ ಬಿಗಿಯಾದಾಗ ಆ ಮುಖ ತಿರುಗಿ ಭಾವನನ್ನು ಹುಡುಕಿತು. ಸುಮ್ಮನಿರಬೇಕು. ಯೋಜನೆಯಲ್ಲಿ ಇದ್ದದ್ದೇ ಅದು. ಆದರೆ ಮಹಡಿಯ ಕಿಟಕಿಯಲ್ಲಿ ಹೆಂಡತಿ ಕಂಡಳು, ತಮ್ಮನನ್ನೇ ನೋಡುತ್ತಿದ್ದಳು. ನೋಟಿನ ಚೀಲ ಅವನ ಕೈಯಿಂದ ಜಾರಿತು.

"ಅವನನ್ನ ಬಿಡಿ," ಎಂದ. "ಅವನಿಗೇನೂ ಗೊತ್ತಿಲ್ಲ. ಎಲ್ಲಾ ಮಾಡಿದ್ದು ನಾನು."

ಹೇಳಿದ ಮೇಲೆ, ಮೂರು ವರ್ಷಗಳಲ್ಲಿ ಮೊದಲ ಸಲ, ಎದೆಬಡಿತ ನಿಧಾನವಾಯಿತು. ಕೈ ಮುಂದೆ ಚಾಚಿದ. ಆಮೇಲೆ, ತಡೆಯಲಾರದೆ, ಆ ಹುಡುಗಿಯ ಕಡೆ ನೋಡಿ ಕೇಳಿದ: "ಮೇಡಂ, ನನ್ನ ದರ್ಜೆಯಲ್ಲಿ ಎಲ್ಲಿತ್ತು ತಪ್ಪು?"

"ನಿಮ್ಮ ಕಡೆಯಿಂದ ಏನೂ ಇರಲಿಲ್ಲ ಸಾರ್," ಎಂದಳು ಅವಳು, ಅದೇ ಮೆತ್ತಗಿನ ದನಿಯಲ್ಲಿ, ಸಂಕೋಚದಿಂದಲೇ. "ಮೂರು ವರ್ಷದಲ್ಲಿ ನಿಮ್ಮ ರಿಪೋರ್ಟು ಬೇಕು ಅಂತ ಬಂದೋರು ಇಬ್ಬರೋ ಮೂವರೋ. ಈ ವಾರ ಒಂಬತ್ತು ಜನ ಬಂದ್ರು. ಯಾರ ರಿಪೋರ್ಟನ್ನ ಎಷ್ಟು ಜನ ಕೇಳಿದ್ರು ಅನ್ನೋದನ್ನೂ ಕಂಪ್ಯೂಟರು ದರ್ಜೆಗೆ ಸೇರಿಸಿಕೊಳ್ಳುತ್ತೆ ಸಾರ್. ಒಬ್ಬರು ಕೇಳಿದ್ರೆ ವ್ಯಾಪಾರ ಬೆಳೀತಿದೆ ಅಂತ. ಎಲ್ಲಾರೂ ಒಟ್ಟಿಗೆ ಕೇಳಿದ್ರೆ, ಇವರು ಎಲ್ಲಾ ಕಡೆ ಒಟ್ಟಿಗೆ ಸಾಲ ಎತ್ತುತ್ತಿದ್ದಾರೆ ಅಂತ. ಒಂಬತ್ತನೆಯವರು ಕೇಳಿದ ಕೂಡಲೇ ನಿಮ್ಮ ಒಂದನೇ ದರ್ಜೆ ತಾನಾಗೇ ನಾಲ್ಕಕ್ಕೆ ಇಳೀತು. ಇಳಿದ ತಕ್ಷಣ, ಕೇಳಿದ ಒಂಬತ್ತೂ ಜನಕ್ಕೆ ಒಂದೇ ಹೊತ್ತಿಗೆ ಸುದ್ದಿ ಹೋಯ್ತು."